ಮರಕ್ಕೆ ಶಿಲೀಂಧ್ರ ಹಿಡಿದರೆ ಏನು ಮಾಡಬೇಕು? ಚೆರಿ, ಗಸಗಸೆ ಹಣ್ಣಿನ ಮರ ಮತ್ತು ಬೆಂಗಳೂರಿನ ಉಳಿದ ಮರಗಳಿಗೆ ಸಮಗ್ರ ಮಾರ್ಗದರ್ಶಿ

ಸೆಪ್ಟೆಂಬರ್ ಮಳೆ ಹಿಡಿಯಿತೆಂದರೆ ಬೆಂಗಳೂರಿನ ಮರಗಳಲ್ಲಿ ಏನೇನೋ ಕಾಣಿಸಿಕೊಳ್ಳುತ್ತದೆ. ಬುಡದಲ್ಲಿ ಅಣಬೆ ಏಳುತ್ತದೆ. ದೇವಕಣಗಿಲೆ ಎಲೆಯ ಹಿಂದೆ ಕಿತ್ತಳೆ ಪುಡಿ ಕೂರುತ್ತದೆ. ಬೇವಿನ ತುದಿಗಳು ಕಂದಾಗಿ ಒಣಗುತ್ತವೆ. ಆಗ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಗೊಬ್ಬರದ ಅಂಗಡಿಗೆ ಹೋಗಿ "ಫಂಗಸ್‌ಗೆ ಏನಾದ್ರೂ ಕೊಡಿ" ಅನ್ನುತ್ತಾರೆ, ಇಲ್ಲವೇ "ಬೀಳೋ ಮರ, ಕಡಿಸಿಬಿಡೋಣ" ಅನ್ನುತ್ತಾರೆ. ಇವೆರಡಕ್ಕೂ ಮುಂಚೆ ನಾವೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಅದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಮರಗಳಿಗೆ ಶಿಲೀಂಧ್ರ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅದಕ್ಕೂ ಮುಂಚೆ ಗರಗಸ ಬಂದಿರುತ್ತದೆ. ಕೇಬಲ್‌ಗೆಂದು ರಸ್ತೆ ಅಗೆಯುವ ಜೆಸಿಬಿ ಬಂದಿರುತ್ತದೆ. ಬುಡದವರೆಗೂ ಸಿಮೆಂಟು ಬಂದಿರುತ್ತದೆ. ಹಾಗಾಗಿ ಇಲ್ಲಿ ಔಷಧಿಗಿಂತ ಜಾಸ್ತಿ ಜಾಗ ನೋಡುವುದಕ್ಕೆ, ಸರಿಯಾಗಿ ಕತ್ತರಿಸುವುದಕ್ಕೆ, ಬುಡ ಬಿಡಿಸುವುದಕ್ಕೆ ಕೊಟ್ಟಿದ್ದೇನೆ.

ಹೆಜ್ಜೆ 1: ಮರ ಯಾವುದು ಅಂತ ಖಚಿತ ಮಾಡಿಕೊಳ್ಳಿ

ಎಲೆಗೆ ಬರುವ ಶಿಲೀಂಧ್ರಗಳಲ್ಲಿ ಬಹಳಷ್ಟು ಒಂದೇ ಜಾತಿಯ ಮರಕ್ಕೋ ಅದರ ಹತ್ತಿರದ ಸಂಬಂಧಿಗಳಿಗೋ ಅಂಟಿಕೊಂಡಿರುತ್ತವೆ. ದೇವಕಣಗಿಲೆಯ ತುಕ್ಕು ಪಕ್ಕದ ಮಾವಿಗೆ ಹರಡುವುದಿಲ್ಲ. ಮರದ ಗುರುತು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಈ ಗೊಂದಲ ಬೆಂಗಳೂರಿನಲ್ಲಿ ಚೆರಿಗೆ ಬಂದಷ್ಟು ಬೇರೆ ಯಾವುದಕ್ಕೂ ಬಂದಿಲ್ಲ.

ಜನವರಿಯಿಂದ ಮಾರ್ಚ್‌ವರೆಗೆ ಫೋಟೋಗಳಲ್ಲಿ ತುಂಬಿಕೊಳ್ಳುವ "ಬೆಂಗಳೂರು ಚೆರಿ ಬ್ಲಾಸಮ್" ಚೆರಿಯೇ ಅಲ್ಲ. ಅದು ಗುಲಾಬಿ ಟಬೂಬಿಯಾ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ. ಎಲೆ ನೋಡಿದರೆ ಗೊತ್ತಾಗುತ್ತದೆ: ಒಂದು ತೊಟ್ಟಿನ ತುದಿಯಲ್ಲಿ ಸಾಮಾನ್ಯವಾಗಿ ಐದು ಕಿರುಎಲೆಗಳು ಹಸ್ತದ ಹಾಗೆ ಹರಡಿರುತ್ತವೆ. ಹೂ ತುತ್ತೂರಿ ಆಕಾರ. ಕಾಯಿ ಉದ್ದ, ಒಳಗೆ ರೆಕ್ಕೆ ಬೀಜ. ಒಂದಾದ ಮೇಲೊಂದು ಮರ ಹೂ ಬಿಟ್ಟು ವರ್ಷವಿಡೀ ಊರಲ್ಲಿ ಬಣ್ಣ ಇರಬೇಕು ಅನ್ನುವ ಯೋಚನೆ 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರದು. ಇವತ್ತಿನ ಟಬೂಬಿಯಾ ಸಾಲುಗಳನ್ನು ನೋಡುವಾಗ ಆ ಯೋಚನೆ ನೆನಪಾಗುತ್ತದೆ.

ಮನೆ ಮುಂದೆ, ಶಾಲೆ ಕಾಂಪೌಂಡಿನಲ್ಲಿ, ಕೆಲವೊಮ್ಮೆ ಗೋಡೆ ಬಿರುಕಿನಲ್ಲೇ ಹುಟ್ಟುವ ಇನ್ನೊಂದು "ಚೆರಿ" ನಮ್ಮ ಗಸಗಸೆ ಹಣ್ಣಿನ ಮರ. ನರ್ಸರಿಯವರು ಸಿಂಗಾಪುರ ಚೆರಿ ಅನ್ನುತ್ತಾರೆ. ಸಿಂಗಾಪುರಕ್ಕೂ ಅದರ ಹುಟ್ಟಿಗೂ ಸಂಬಂಧವಿಲ್ಲ, ಅದೂ ಅಮೆರಿಕದ ಉಷ್ಣವಲಯದ್ದೇ. ಸಸ್ಯಶಾಸ್ತ್ರದಲ್ಲಿ ಇದು ಮುಂಟಿಂಜಿಯಾ ಕ್ಯಾಲಬುರಾ. ಎಲೆ ಮುಟ್ಟಿದರೆ ಮೆತ್ತಗೆ, ಸ್ವಲ್ಪ ಅಂಟು. ಎಲೆಯ ಬುಡ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು. ಬಿಳಿ ಹೂವಿಗೆ ಐದು ಎಸಳು, ಒಂದೇ ದಿನ ಬಾಳುತ್ತದೆ. ಹಣ್ಣಿನೊಳಗೆ ಗಟ್ಟಿ ಓಟೆ ಇಲ್ಲ, ಗಸಗಸೆಯಷ್ಟು ಸಣ್ಣ ಬೀಜಗಳು ಲೆಕ್ಕವಿಲ್ಲದಷ್ಟು. ಬಾವಲಿ, ಪಿಕಳಾರ, ಕುಟ್ರ ಹಕ್ಕಿಗಳು ತಿಂದು ಊರೆಲ್ಲ ಬಿತ್ತುತ್ತವೆ. ಬೇಗ ಬೆಳೆಯುವ ಮರ, ಹಾಗಾಗಿ ಕಟ್ಟಿಗೆ ಹಗುರ. ಗಾಳಿಮಳೆಗೆ ಕೊಂಬೆ ಸುಲಭವಾಗಿ ಮುರಿಯುತ್ತದೆ. ಮುರಿದ ಜಾಗದಲ್ಲಿ ಕೊಳೆ ಶುರುವಾಗುತ್ತದೆ. ಈ ಮರದ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಈ ಮುರಿದ ಕೊಂಬೆಯ ಕಥೆಯೇ.

ಕುಂಡದಲ್ಲಿ ಬೆಳೆಸುವ ಇನ್ನೆರಡು ಇವೆ. ಎದುರುಬದುರು ಎಲೆ, ಕೆಂಪು ಹುಳಿ ಹಣ್ಣು, ಒಳಗೆ ಮೂರು ಬೀಜ ಇದ್ದರೆ ಬಾರ್ಬಡೋಸ್ ಚೆರಿ. ಹಣ್ಣಿನ ಮೇಲೆ ಪುಟ್ಟ ಕುಂಬಳದಂತೆ ಎಂಟು ಏಣುಗಳಿದ್ದು, ಎಲೆ ಹಿಸುಕಿದರೆ ಘಾಟು ವಾಸನೆ ಬಂದರೆ ಸುರಿನಾಮ್ ಚೆರಿ. ಅದು ನೇರಳೆ, ಸೀಬೆಗಳ ಕುಟುಂಬದ್ದು.

ಇನ್ನು ನಿಜವಾದ ಚೆರಿ. ಇದು ಗುಲಾಬಿಯ ಕುಟುಂಬದ ಪ್ರೂನಸ್ ಕುಲಕ್ಕೆ ಸೇರಿದ್ದು. ಬಾದಾಮಿ, ಪೀಚ್, ಪ್ಲಮ್, ಏಪ್ರಿಕಾಟ್ ಎಲ್ಲ ಇದರ ದಾಯಾದಿಗಳು. ಸಿಹಿ ಚೆರಿ ಪ್ರೂನಸ್ ಏವಿಯಂ, ಹುಳಿ ಚೆರಿ ಪ್ರೂನಸ್ ಸೆರಸಸ್. ಗುರುತು ಹಿಡಿಯಲು ಮೂರು ಜಾಗ ನೋಡಿ. ಕಾಂಡದ ತೊಗಟೆಯಲ್ಲಿ ಅಡ್ಡಡ್ಡ ಗೀರುಗಳಿರುತ್ತವೆ, ಅವು ಮರ ಉಸಿರಾಡುವ ರಂಧ್ರಗಳು. ಎಲೆ ತೊಟ್ಟಿನ ಮೇಲ್ತುದಿಯಲ್ಲಿ ಎರಡು ಸಣ್ಣ ಕೆಂಪು ಗುಬುಟುಗಳಿರುತ್ತವೆ, ಅವು ಜೇನು ಒಸರುವ ಗ್ರಂಥಿಗಳು. ಹಣ್ಣಿನಲ್ಲಿ ಒಂದೇ ಗಟ್ಟಿ ಓಟೆ. ಕಾಡು ಜಾತಿಯ ಹೂವಿಗೆ ಐದು ಎಸಳು, ನಡುವೆ ಬಹಳಷ್ಟು ಕೇಸರ. ಜಪಾನಿನ ಕೆಲವು ಅಲಂಕಾರಿಕ ತಳಿಗಳಲ್ಲಿ ಎಸಳು ಹತ್ತಾರು. ಸಿಹಿ ಚೆರಿಯ ಹೆಚ್ಚಿನ ತಳಿಗಳಲ್ಲಿ ತನ್ನ ಪರಾಗ ತನಗೇ ಆಗುವುದಿಲ್ಲ, ಪಕ್ಕದಲ್ಲಿ ಬೇರೆ ತಳಿ ಬೇಕು. ಎಲೆ ಮತ್ತು ಬೀಜದಲ್ಲಿ ಸೈನೈಡ್ ಬಿಡುವ ರಾಸಾಯನಿಕಗಳಿವೆ. ಹಣ್ಣು ತಿನ್ನಿ, ಓಟೆ ಒಡೆದು ತಿನ್ನಬೇಡಿ.

ಬೆಂಗಳೂರಿನಲ್ಲಿ ಇದನ್ನು ಬೆಳೆಸಬಹುದಾ? ನೇರವಾಗಿ ಹೇಳುತ್ತೇನೆ, ದುಡ್ಡು ದಂಡ. ಚೆರಿಯ ಮೊಗ್ಗು ಚಳಿಗಾಲದಲ್ಲಿ ಮಲಗಬೇಕು. ಏಳಬೇಕಾದರೆ ಸುಮಾರು 7 ಡಿಗ್ರಿಗಿಂತ ಕಡಿಮೆ ತಾಪಮಾನದಲ್ಲಿ ನೂರಾರು ಗಂಟೆ ಕಳೆದಿರಬೇಕು. ಸಿಹಿ ಚೆರಿಯ ಹಲವು ತಳಿಗಳಿಗೆ ಸಾವಿರ ಗಂಟೆಯ ಹತ್ತಿರ ಬೇಕು. ಬೆಂಗಳೂರು ನಗರದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಆ ಲೆಕ್ಕಕ್ಕೆ ನಮ್ಮಲ್ಲಿ ಒಂದು ಗಂಟೆಯೂ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಸಸಿ ನಾಲ್ಕು ಎಲೆ ಬಿಟ್ಟು ಸೊರಗುತ್ತದೆ. ಸೊರಗಿದ ಗಿಡಕ್ಕೆ ನಮ್ಮ ಮಳೆಗಾಲದಲ್ಲಿ ಎಲೆ ಚುಕ್ಕೆ ಬರದೆ ಇರುತ್ತದಾ? ಕಾಡು ಹಿಮಾಲಯ ಚೆರಿ, ಶಿಲ್ಲಾಂಗ್‌ನಲ್ಲಿ ನವೆಂಬರ್ ಹೊತ್ತಿಗೆ ಅರಳುವ ಪ್ರೂನಸ್ ಸೆರಸಾಯ್ಡಿಸ್, ಅದೂ ಗುಡ್ಡಗಾಡಿನ ತಂಪಿನ ಮರವೇ.

ಹೆಜ್ಜೆ 2: ಯಾವ ಭಾಗಕ್ಕೆ ಬಂದಿದೆ ನೋಡಿ, ಶಿಲೀಂಧ್ರವೇ ಹೌದಾ ಕೇಳಿಕೊಳ್ಳಿ

ಎಲೆಗೆ ಬಂದ ರೋಗ ಮರವನ್ನು ಸಾಯಿಸುವುದು ಅಪರೂಪ. ಕೊಂಬೆಗೆ ಬಂದದ್ದು ಕೊಂಬೆಯನ್ನು ಕಳೆಯುತ್ತದೆ. ಬುಡಕ್ಕೆ, ಬೇರಿಗೆ ಬಂದದ್ದು ಮರವನ್ನೇ ಕೆಡವುತ್ತದೆ, ಅದೂ ಮೇಲೆ ಎಲೆ ಹಸಿರಾಗಿರುವಾಗಲೇ. ಆದರೆ ಜನ ಗಾಬರಿಯಾಗುವುದು ಎಲೆ ನೋಡಿ! ಆದ್ದರಿಂದ ನೋಟ ಕೆಳಗಿನಿಂದ ಶುರುವಾಗಲಿ: ಮೊದಲು ಬುಡ, ಆಮೇಲೆ ಕಾಂಡ, ಕೊಂಬೆ ಸೇರುವ ಜಾಗ, ಕೊನೆಗೆ ಎಲೆ.

ಶಿಲೀಂಧ್ರದಂತೆ ಕಂಡರೂ ಬೇರೆಯಾಗಿರುವ ಕೆಲವನ್ನು ಇಲ್ಲೇ ಬದಿಗಿಡೋಣ. ಹೊಂಗೆ ಎಲೆಯ ಮೇಲೆ ಸಾಲುಸಾಲು ಗಂಟುಗಳಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ, ಔಷಧಿ ಬೇಡ. ತೊಗಟೆಯ ಮೇಲೆ ಬೂದು ಹಸಿರು ಹಪ್ಪಳ ಅಂಟಿಕೊಂಡಂತೆ ಕಂಡರೆ ಅದು ಕಲ್ಲುಹೂವು. ಮಸಾಲೆಗೆ ಹಾಕುವುದು ಇದರ ಬಂಧುವನ್ನೇ. ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಬಾಳುವ ಜೀವಿ ಅದು, ಮರದಿಂದ ಏನನ್ನೂ ಕದಿಯುವುದಿಲ್ಲ. ಕೆರೆದು ತೆಗೆಯಬೇಡಿ. ಕೊಂಬೆಯಲ್ಲಿ ಬೇರೆ ಜಾತಿಯ ಎಲೆ ಗೊಂಚಲು ಬೆಳೆದಿದ್ದರೆ ಅದು ಬದನಿಕೆ, ಮರದ ರಸ ಹೀರುವ ಪರಾವಲಂಬಿ ಗಿಡ. ಅದನ್ನು ಕೊಂಬೆ ಸಮೇತ ಕತ್ತರಿಸಬೇಕು.

ಎಲೆ ಮೇಲೆ ಮಸಿ ಬಳಿದಂತೆ ಕಪ್ಪು ಪದರ ಇದ್ದರೆ, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಒರೆಸಿದರೆ ಹೋಗಿ ಕೆಳಗೆ ಹಸಿರು ಎಲೆ ಕಂಡರೆ ಅದು ಕಪ್ಪು ಬೂಷ್ಟು. ಶಿಲೀಂಧ್ರ ಹೌದು, ಆದರೆ ಅದು ಬೆಳೆದಿರುವುದು ಎಲೆಯ ಮೇಲಲ್ಲ, ಹಿಟ್ಟುತಿಗಣೆ, ಜಿಗಿಹುಳುಗಳು ವಿಸರ್ಜಿಸಿದ ಸಿಹಿ ಅಂಟಿನ ಮೇಲೆ. ಇದಕ್ಕೆ ಶಿಲೀಂಧ್ರನಾಶಕ ಹೊಡೆಯುವುದು ಸುಮ್ನೆ. ಹುಳುವನ್ನು ಬೇವಿನೆಣ್ಣೆಯಿಂದಲೋ ಸೋಪಿನ ನೀರಿನಿಂದಲೋ ಹತೋಟಿಗೆ ತನ್ನಿ, ಬೂಷ್ಟು ತಾನೇ ಉದುರುತ್ತದೆ.

ಹೆಜ್ಜೆ 3: ಮನೆಯಲ್ಲೇ ಮಾಡುವ ಪರೀಕ್ಷೆಗಳು

ಬೇಕಾಗುವುದು ಒಂದು ಸ್ಕ್ರೂಡ್ರೈವರ್, ಮರದ ಸುತ್ತಿಗೆ, ಬಿಳಿ ಕಾಗದ, ಜಿಪ್ ಇರುವ ಪ್ಲಾಸ್ಟಿಕ್ ಕವರ್, ಮತ್ತು ಫೋನ್ ಕ್ಯಾಮೆರಾ.

ಒಣಗಿದೆ ಅನಿಸಿದ ರೆಂಬೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ತುದಿಯಿಂದ ಹಿಂದಕ್ಕೆ ಕೆರೆಯುತ್ತಾ ಬಂದರೆ ರೋಗ ಎಲ್ಲಿಗೆ ನಿಂತಿದೆ ಗೊತ್ತಾಗುತ್ತದೆ. ಕತ್ತರಿಸುವಾಗ ಈ ಗಡಿ ಬೇಕಾಗುತ್ತದೆ, ಒಂದು ದಾರ ಕಟ್ಟಿಡಿ.

ಚುಕ್ಕೆ ಬಿದ್ದ ಎಲೆಯನ್ನು ಒದ್ದೆ ಟಿಶ್ಯೂ ಜೊತೆ ಜಿಪ್ ಕವರಿನಲ್ಲಿ ಹಾಕಿ ಎರಡು ಮೂರು ದಿನ ನೆರಳಿನಲ್ಲಿಡಿ. ಚುಕ್ಕೆಯ ಮೇಲೆ ನೂಲಿನಂಥ ಎಳೆಯೋ, ಕಪ್ಪು ಅಥವಾ ಗುಲಾಬಿ ಹನಿಯೋ ಎದ್ದರೆ ಶಿಲೀಂಧ್ರದ ಅನುಮಾನ ಗಟ್ಟಿಯಾಗುತ್ತದೆ. ಏನೂ ಏಳದೆ ಚುಕ್ಕೆ ಹಾಗೇ ಇದ್ದರೆ ಬಿಸಿಲಿನ ಸುಡು, ಉಪ್ಪು ನೀರು, ಪೋಷಕಾಂಶದ ಕೊರತೆ ಇವನ್ನು ಯೋಚಿಸಿ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಎಲೆ ಅಂಚು ಸುಡುವುದು ಮಾಮೂಲು.

ಕಾಂಡವನ್ನು ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಗಟ್ಟಿ ಕಟ್ಟಿಗೆ ಚುರುಕಾಗಿ ಸದ್ದು ಮಾಡುತ್ತದೆ, ಟೊಳ್ಳಾದದ್ದು ಡೊಳ್ಳು ಸದ್ದು ಕೊಡುತ್ತದೆ. ಪೊಟರೆ ಇದ್ದರೆ ತೆಳು ಸರಳನ್ನು ನಿಧಾನವಾಗಿ ಒಳಗೆ ಬಿಟ್ಟು ಎಷ್ಟು ಆಳ ಹೋಗುತ್ತದೆ ನೋಡಿ. ಸರಳು ಬಿಡುವ ಮುಂಚೆ ಒಳಗೆ ಗೂಬೆಯೋ ಗಿಳಿಯೋ ಜೇನೋ ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

ಟೊಳ್ಳಾದ ಮರವೆಲ್ಲ ಬೀಳುವುದಿಲ್ಲ. ಮರ ತಜ್ಞರು ಬಳಸುವ ಒಂದು ಒರಟು ಅಳತೆ ಇದೆ: ಸುತ್ತಲಿನ ಗಟ್ಟಿ ಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದರಷ್ಟಾದರೂ ಇರಬೇಕು. ಕಾಂಡದ ಸುತ್ತಳತೆ 190 ಸೆಂ.ಮೀ. ಇದ್ದರೆ ತ್ರಿಜ್ಯ ಸುಮಾರು 30 ಸೆಂ.ಮೀ. ಹಾಗಾದರೆ ಗೋಡೆ 10 ಸೆಂ.ಮೀ. ಇರಬೇಕು. ಅದಕ್ಕಿಂತ ತೆಳುವಾಗಿದ್ದರೆ, ಅಥವಾ ಪೊಟರೆ ಒಂದು ಪಕ್ಕಕ್ಕೆ ಬಾಯಿ ತೆರೆದಿದ್ದರೆ, ತಜ್ಞರನ್ನು ಕರೆಸಿ.

ಕೊಳೆತ ಕಟ್ಟಿಗೆ ಸಿಕ್ಕರೆ ಕೈಯಲ್ಲಿ ಪುಡಿ ಮಾಡಿ. ಬೆಳ್ಳಗೆ, ನಾರುನಾರಾಗಿ, ಸ್ಪಂಜಿನಂತೆ ಇದ್ದರೆ ಬಿಳಿ ಕೊಳೆ. ಶಿಲೀಂಧ್ರ ಇಲ್ಲಿ ಕಟ್ಟಿಗೆಗೆ ಬಿಗಿ ಕೊಡುವ ಲಿಗ್ನಿನ್ ಅನ್ನೂ ತಿಂದಿದೆ. ಕಂದಾಗಿ, ಚೌಕ ಚೌಕ ಬಿರುಕು ಬಿಟ್ಟು ಪುಡಿಯಾದರೆ ಕಂದು ಕೊಳೆ. ಇಲ್ಲಿ ಕಟ್ಟಿಗೆಯ ನಾರಾದ ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿದಿದೆ. ಬಿಳಿ ಕೊಳೆ ಬಂದ ಕೊಂಬೆ ಸ್ವಲ್ಪ ಬಾಗಿ ಸೂಚನೆ ಕೊಡಬಹುದು. ಕಂದು ಕೊಳೆಯದು ಫಟ್ ಅಂತ ಮುರಿಯುತ್ತದೆ. ಕಾರು ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಈ ಮಾಹಿತಿ ಸಾಕು.

ಹೆಜ್ಜೆ 4: ಎಲೆ ಮತ್ತು ಹೂವಿನ ರೋಗಗಳು

ಬೂದಿ ರೋಗ ಮತ್ತು ಚಿಬ್ಬು ರೋಗ ಎರಡೂ ಮಾವಿಗೆ ಬರುತ್ತವೆ, ಸ್ವಭಾವ ಮಾತ್ರ ತದ್ವಿರುದ್ಧ. ಬೂದಿ ರೋಗಕ್ಕೆ ಎಲೆ ಮೇಲೆ ನೀರು ನಿಲ್ಲಬೇಕಾಗಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ರಾತ್ರಿ ಚಳಿ, ಬೆಳಗ್ಗೆ ಮಂಜು, ಹಗಲು ಒಣ ಬಿಸಿಲು ಇರುವ ಬೆಂಗಳೂರಿನ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಹೂಗೊಂಚಲ ಮೇಲೆ ಬಿಳಿ ಪುಡಿ ಕಾಣುತ್ತದೆ, ಹೂ ಉದುರುತ್ತದೆ. ಚಿಬ್ಬು ರೋಗಕ್ಕೆ ಒದ್ದೆ ಬೇಕೇ ಬೇಕು. ಹೂ ಬಿಟ್ಟಾಗಲೋ ಕಾಯಿ ಕಚ್ಚಿದಾಗಲೋ ಅಕಾಲ ಮಳೆ ಬಂದರೆ ಕಪ್ಪು ಚುಕ್ಕೆ, ಕಪ್ಪು ಗೊಂಚಲು ಕಾಣುತ್ತವೆ. ಕಾಯಿಯೊಳಗೆ ಸೇರಿಕೊಂಡು ಸುಮ್ಮನಿದ್ದು, ಹಣ್ಣಾಗುವಾಗ ಕಲೆಯಾಗಿ ಹೊರಬರುವುದೂ ಇದೇ.

ಬೂದಿಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ. ಹೂಗೊಂಚಲು ಹೊರಡುವಾಗಲೇ ಹೊಡೆಯಬೇಕು. ಬಿಸಿಲು 35 ಡಿಗ್ರಿ ದಾಟಿದ ದಿನ ಗಂಧಕ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದ ಹತ್ತಿರದ ದಿನಗಳಲ್ಲೂ ಬೇಡ. ಚಿಬ್ಬಿಗೆ ತಾಮ್ರದ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ, ಅಥವಾ ಮುಂದೆ ಹೇಳುವ ಬೋರ್ಡೋ. ಹೂ ಪೂರ್ತಿ ಅರಳಿದಾಗ ಏನನ್ನೂ ಹೊಡೆಯಬೇಡಿ, ಜೇನು ಮತ್ತು ನೊಣಗಳು ಕೆಲಸದಲ್ಲಿರುತ್ತವೆ. ಸಂಜೆ ಹೊಡೆಯಿರಿ. ಮಾಸ್ಕ್, ಕೈಗವಸು, ಕನ್ನಡಕ ಬೇಕು. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿ, ತಾರಸಿಯಲ್ಲಿ ಸಂಡಿಗೆ ಒಣಗಿಸಿರುತ್ತಾರೆ.

ದೇವಕಣಗಿಲೆಯ ತುಕ್ಕು ರೋಗಕ್ಕೆ ನಾನಂತೂ ಔಷಧಿ ಹೇಳುವುದಿಲ್ಲ. ಎಲೆ ಬೇಗ ಉದುರುತ್ತದೆ, ಮರ ಸಾಯುವುದಿಲ್ಲ. ಉದುರಿದ್ದನ್ನು ಗುಡಿಸಿ ತೆಗೆದರೆ ಸಾಕು. ಎಲೆ ರಾಶಿಗೆ ಬೆಂಕಿ ಹಚ್ಚಬೇಡಿ, ನಗರದಲ್ಲಿ ಅದಕ್ಕೆ ನಿಷೇಧವೂ ಇದೆ. ಚೆನ್ನಾಗಿ ಬಿಸಿಯಾಗುವ ಕಾಂಪೋಸ್ಟಿನಲ್ಲಿ ಹಾಕಬಹುದು, ಅದೇ ಮರದ ಬುಡಕ್ಕೆ ಹಸಿಯಾಗಿ ಹಾಕಬಾರದು.

ಬೇವಿನ ವಿಷಯಕ್ಕೆ ಬಹಳ ಜನ ಹೆದರುತ್ತಾರೆ. ಮಳೆಗಾಲ ಮತ್ತು ಚಳಿಗಾಲದ ನಡುವೆ ಮರದ ತುದಿಗಳೆಲ್ಲ ಕಂದಾಗಿ ಒಣಗಿ, ಮರವೇ ಸತ್ತಂತೆ ಕಾಣುತ್ತದೆ. ಇದಕ್ಕೆ ಕಾರಣವಾಗುವ ಫೋಮಾಪ್ಸಿಸ್ ಶಿಲೀಂಧ್ರವನ್ನು ಹೊಸ ಪ್ರಭೇದ ಅಂತ ಭಾರತದಿಂದಲೇ 1997ರಲ್ಲಿ ವಿವರಿಸಲಾಯಿತು. ಚಿಗುರಿನ ರಸ ಹೀರುವ ಒಂದು ತಿಗಣೆಯೂ ಜೊತೆಗೆ ಸೇರಿ ಹಾನಿ ಹೆಚ್ಚಿಸುತ್ತದೆ. ದೊಡ್ಡ ಮರಗಳು ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ಮತ್ತೆ ಚಿಗುರುತ್ತವೆ. ಯುಗಾದಿಗೆ ಹೂ, ಚಿಗುರು ಸಿಗುವವರೆಗೆ ಕಾಯಿರಿ, ಕೊಡಲಿ ಎತ್ತಬೇಡಿ. ಸಣ್ಣ ಗಿಡವಾದರೆ ಒಣ ತುದಿಯನ್ನು ಒಂದು ಗೇಣು ಹಸಿರಿನೊಳಕ್ಕೆ ಸೇರಿಸಿ ಕತ್ತರಿಸಿ.

ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ಮಕ್ಕಳ ಮನೆ ಹಿತ್ತಲಲ್ಲಿ ನಿಜವಾದ ಚೆರಿ ಇದೆ ಅನ್ನುವವರಿಗೆ ನಾಲ್ಕು ಮಾತು. ಅಲ್ಲಿ ಮುಖ್ಯ ಶತ್ರು ಮೊನಿಲಿನಿಯಾ ಅನ್ನುವ ಕಂದು ಕೊಳೆ (ಕಟ್ಟಿಗೆಯ ಕಂದು ಕೊಳೆಯಲ್ಲ, ಇದು ಹೂ ಮತ್ತು ಹಣ್ಣಿನದು). ಹೂ ಸುಟ್ಟಂತಾಗುತ್ತದೆ, ಹಣ್ಣು ಕೊಳೆತು ಒಣಗಿ ಕೊಂಬೆಯಲ್ಲೇ ನೇತಾಡುತ್ತದೆ. ಆ ಒಣ ಹಣ್ಣುಗಳಲ್ಲೇ ಶಿಲೀಂಧ್ರ ಚಳಿಗಾಲ ಕಳೆಯುತ್ತದೆ, ಅವನ್ನು ಕಿತ್ತು ಹಾಕಬೇಕು. ಎಲೆ ಚುಕ್ಕೆ ತರುವ ಬ್ಲೂಮೆರಿಯೆಲ್ಲಾ ಬಿದ್ದ ಎಲೆಯಲ್ಲಿ ಬದುಕುತ್ತದೆ, ಶರತ್ಕಾಲದಲ್ಲಿ ಎಲೆ ಗುಡಿಸಬೇಕು. ಇನ್ನೊಂದು ರೋಗದಲ್ಲಿ ಚುಕ್ಕೆಯ ಭಾಗ ಉದುರಿ ಎಲೆ ತೂತುತೂತಾಗುತ್ತದೆ. ಜಪಾನಿನ ಅಲಂಕಾರಿಕ ಚೆರಿಗಳಲ್ಲಿ ಟ್ಯಾಫ್ರಿನಾ ಶಿಲೀಂಧ್ರದಿಂದ ಒಂದು ಕಡೆ ಪೊರಕೆಯಂತೆ ರೆಂಬೆ ಗುಂಪು ಹೊರಡುತ್ತದೆ, ಅದನ್ನು ಬುಡದಿಂದ ತೆಗೆಯಬೇಕು. ಬೆಳ್ಳಿ ಎಲೆ ರೋಗ ಗಾಯದ ಮೂಲಕ ಬರುತ್ತದೆ. ಅದಕ್ಕೇ ಚೆರಿಯನ್ನು ಒದ್ದೆ ಚಳಿಗಾಲದಲ್ಲಿ ಸವರದೆ ಒಣ ಬೇಸಿಗೆಯಲ್ಲಿ ಸವರುತ್ತಾರೆ. ತಾಮ್ರದ ಔಷಧಿಯನ್ನು ಎಲೆ ಇರುವಾಗ ಚೆರಿಗೆ ಹೊಡೆದರೆ ಎಲೆಯೇ ಸುಡಬಹುದು, ಎಲೆ ಉದುರಿದ ಮೇಲೆ ಹೊಡೆಯುವುದು ಕ್ಷೇಮ. ಇಲ್ಲಿ ಮೇ ಜೂನ್ ಹೊತ್ತಿಗೆ ಕಾಶ್ಮೀರ, ಹಿಮಾಚಲದಿಂದ ಬರುವ ಹಣ್ಣಿನ ಡಬ್ಬಿಯಲ್ಲೂ ಕೊಳೆ ಹರಡುತ್ತದೆ. ತಂದ ಕೂಡಲೇ ಮೆತ್ತಗಾದ ಹಣ್ಣು ಆರಿಸಿ ತೆಗೆಯಿರಿ, ತಿನ್ನುವಾಗ ಮಾತ್ರ ತೊಳೆಯಿರಿ.

ಹೆಜ್ಜೆ 5: ಬೋರ್ಡೋ ದ್ರಾವಣ ಮಾಡುವ ಬಗೆ

ಮಲೆನಾಡಿನವರಿಗೆ ಇದು ಹೊಸದಲ್ಲ. ಅಡಿಕೆ ಕೊಳೆ ರೋಗಕ್ಕೆ ಮಳೆಗಾಲದ ಮೊದಲೇ ಗೊನೆಗೆ ಹೊಡೆಯುವುದು ಇದನ್ನೇ. ಕ್ರುಂಬಿಗಲ್ ಬಂದ ಅದೇ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆ ರೋಗವನ್ನು ಅಧ್ಯಯನ ಮಾಡಿ ಬೋರ್ಡೋ ಸಿಂಪಡಣೆಯನ್ನು ಬಳಕೆಗೆ ತಂದರು. ದ್ರಾವಣ ಮಾತ್ರ ಅದಕ್ಕೂ ಹಳೆಯದು, 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು.

ಶೇಕಡಾ 1ರ ದ್ರಾವಣ 10 ಲೀಟರ್ ಬೇಕಾದರೆ ಮೈಲುತುತ್ತ (ತಾಮ್ರದ ಸಲ್ಫೇಟ್) 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ 5 ಲೀಟರ್ ನೀರಿಗೆ ಮೈಲುತುತ್ತ ಕರಗಿಸಿ. ಪುಡಿ ಮಾಡಿದ್ದರೆ, ನೀರು ಉಗುರುಬೆಚ್ಚಗಿದ್ದರೆ ಬೇಗ ಕರಗುತ್ತದೆ. ಇನ್ನೊಂದರಲ್ಲಿ ಸುಣ್ಣವನ್ನು ಸ್ವಲ್ಪ ಸ್ವಲ್ಪ ನೀರು ಹಾಕಿ ಅರಳಿಸಿ, 5 ಲೀಟರ್ ಮಾಡಿ, ಬಟ್ಟೆಯಲ್ಲಿ ಸೋಸಿ. ಎರಡೂ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಡ್ಡಿಯಿಂದ ತಿರುಗಿಸಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬೇಡಿ, ಕಣ ದಪ್ಪವಾಗಿ ಎಲೆಗೆ ಹಿಡಿಯುವುದಿಲ್ಲ. ಆಕಾಶ ನೀಲಿ ಬಣ್ಣ ಬರಬೇಕು. ಹೊಳೆಯುವ ಚಾಕು ಅಥವಾ ಮೊಳೆಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಕೂತಿದ್ದರೆ ಇನ್ನೂ ಸುಣ್ಣದ ನೀರು ಬೇಕು. ಈ ಪರೀಕ್ಷೆ ಬಿಟ್ಟರೆ ಎಲೆ ಸುಟ್ಟುಹೋಗುತ್ತದೆ. ಮಾಡಿದ ದಿನವೇ ಮುಗಿಸಿ, ಉಳಿದದ್ದನ್ನು ನಾಳೆಗೆ ಇಡಬೇಡಿ, ಮೀನಿನ ಕೊಳದ ಹತ್ತಿರ ಚೆಲ್ಲಬೇಡಿ. ಕಬ್ಬಿಣದ ಪಾತ್ರೆ ಬೇಡ.

ಕೊಂಬೆಯ ಗಾಯಕ್ಕೆ ಬಳಿಯುವ ಮುಲಾಮು ಬೇಕಾದರೆ ಅದೇ 100 ಗ್ರಾಂ, 100 ಗ್ರಾಂ, ಆದರೆ ಒಟ್ಟು ನೀರು 1 ಲೀಟರ್ ಮಾತ್ರ.

ಬೋರ್ಡೋ ಇರುವ ರೋಗವನ್ನು ವಾಸಿ ಮಾಡುವುದಿಲ್ಲ, ಎಲೆ ಮೇಲೆ ಕೂತು ಹೊಸ ಬೀಜಕಣ ಮೊಳೆಯದಂತೆ ತಡೆಯುತ್ತದೆ. ಅದಕ್ಕೇ ಮಳೆಗೆ ಮುಂಚೆ ಹೊಡೆಯಬೇಕು, ರೋಗ ಎಲ್ಲ ಕಡೆ ಬಂದ ಮೇಲೆ ಅಲ್ಲ.

ಹೆಜ್ಜೆ 6: ಕೊಂಬೆ ತೆಗೆಯುವುದು

ನನ್ನ ಮಟ್ಟಿಗೆ ಈ ಮಾರ್ಗದರ್ಶಿಯಲ್ಲಿ ಅತಿ ಮುಖ್ಯ ಭಾಗ ಇದು. ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ. ಕೊಳೆತ ಕಟ್ಟಿಗೆ ಮತ್ತೆ ಹಸಿಯಾಗುವುದಿಲ್ಲ. ಮರ ಮಾಡುವುದು ಬೇರೆ: ಕೆಟ್ಟ ಭಾಗದ ಸುತ್ತ ರಾಸಾಯನಿಕ ಗೋಡೆ ಕಟ್ಟಿ ಅದನ್ನು ಬೇರೆ ಮಾಡಿ, ಹೊರಗಿನಿಂದ ಹೊಸ ಕಟ್ಟಿಗೆ ಬೆಳೆಸಿ ಮುಚ್ಚುತ್ತದೆ. ಅಮೆರಿಕದ ಮರ ವಿಜ್ಞಾನಿ ಅಲೆಕ್ಸ್ ಶಿಗೊ 1970ರ ದಶಕದಲ್ಲಿ ಸಾವಿರಾರು ಕಾಂಡಗಳನ್ನು ಸೀಳಿ ಇದನ್ನು ತೋರಿಸಿದರು.

ಈ ಗೋಡೆ ಚೆನ್ನಾಗಿ ಕಟ್ಟುವ ಜಾಗ ಕೊಂಬೆಯ ಬುಡದಲ್ಲಿ ಉಬ್ಬಿದ ಕಾಲರ್. ಅದನ್ನು ಬಿಟ್ಟು, ಅದರ ಹೊರಗೆ ಕತ್ತರಿಸಬೇಕು. ಕಾಂಡಕ್ಕೆ ಸಮವಾಗಿ ನುಣ್ಣಗೆ ಕತ್ತರಿಸಿದರೆ ಕಾಲರ್ ಹೋಗುತ್ತದೆ, ಕೊಳೆ ಕಾಂಡಕ್ಕೆ ಇಳಿಯುತ್ತದೆ. ಒಂದು ಅಡಿ ಮೋಟು ಬಿಟ್ಟರೆ ಮುಚ್ಚಿಕೊಳ್ಳುವುದೇ ಇಲ್ಲ. ಕರೆಂಟ್ ತಂತಿಗೆಂದು ಸವರಿದ ರಸ್ತೆ ಮರಗಳಲ್ಲಿ ಈ ಎರಡೂ ಕಾಣುತ್ತವೆ.

ಭಾರವಾದ ಕೊಂಬೆಗೆ ಮೂರು ಕೊಯ್ತ. ಕಾಂಡದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಕೆಳಗಿನಿಂದ ಕಾಲು ಭಾಗದಷ್ಟು ಕೊಯ್ಯಿರಿ. ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಪೂರ್ತಿ ಕೊಯ್ಯಿರಿ, ಕೊಂಬೆ ಬೀಳುತ್ತದೆ, ತೊಗಟೆ ಸಿಪ್ಪೆಯಂತೆ ಹರಿಯುವುದಿಲ್ಲ. ಆಮೇಲೆ ಉಳಿದ ಮೋಟನ್ನು ಕಾಲರ್ ಹೊರಗೆ ಕೊಯ್ಯಿರಿ. ಗರಗಸವನ್ನು ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ.

ಯಾವಾಗ? ಜನವರಿಯಿಂದ ಮಾರ್ಚ್, ಒಣ ದಿನಗಳಲ್ಲಿ. ಏಪ್ರಿಲ್ ಕೊನೆಯ ಗಾಳಿಮಳೆಗೆ ಮೊದಲೇ ಮುಗಿಸಬೇಕು. ಗಸಗಸೆ ಹಣ್ಣಿನ ಮರಕ್ಕೆ ಇದು ಪ್ರತಿ ವರ್ಷದ ಕೆಲಸ: ಉದ್ದಕ್ಕೆ ಚಾಚಿದ ಕೊಂಬೆಗಳನ್ನು ಗಿಡ್ಡ ಮಾಡುತ್ತಾ ಬಂದರೆ ಮುರಿಯುವುದು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಅನಿವಾರ್ಯವಾಗಿ ಮಾವು, ಹಲಸಿನ ಕೊಂಬೆ ತೆಗೆದರೆ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ಒಣ ಕಾಲದಲ್ಲಿ ಹಾಗೇ ಬಿಡಿ. ಟಾರು, ಪೇಂಟು ಎಂದಿಗೂ ಬೇಡ, ಒಳಗೆ ತೇವ ಹಿಡಿದಿಡುತ್ತವೆ. ಪೊಟರೆಗೆ ಕಾಂಕ್ರೀಟ್ ತುಂಬಿಸುವ ಹಳೆ ಪದ್ಧತಿಯೂ ಬೇಡ. ಗಾಳಿಗೆ ಮರ ಬಾಗುತ್ತದೆ, ಕಾಂಕ್ರೀಟ್ ಬಾಗುವುದಿಲ್ಲ. ಒಳಗಿನ ಗೋಡೆ ಉಜ್ಜಿ ಹರಿದು ಕೊಳೆ ಇನ್ನೂ ಹರಡುತ್ತದೆ.

ಹಲಸು, ಮಾವಿನ ಕೊಂಬೆಯ ತೊಗಟೆ ಮೇಲೆ ಮಳೆಗಾಲದಲ್ಲಿ ತೆಳು ಗುಲಾಬಿ ಪೊರೆ ಕಂಡರೆ ಅದು ಗುಲಾಬಿ ರೋಗ. ಅದು ಕೊಂಬೆಯ ಸುತ್ತ ಆವರಿಸಿ ಮೇಲಿನ ಭಾಗವನ್ನು ಒಣಗಿಸುತ್ತದೆ. ಕಾಯುವಂತಿಲ್ಲ, ಪೊರೆಯಿಂದ ಕೆಳಗೆ ಗಟ್ಟಿ ಜಾಗಕ್ಕೆ ಕತ್ತರಿಸಿ ಮುಲಾಮು ಹಚ್ಚಿ.

ಹೆಜ್ಜೆ 7: ಬುಡ ಮತ್ತು ಬೇರು

ಗುಲ್‌ಮೊಹರ್, ಮಳೆ ಮರ, ತೆಂಗು ಇಂಥವುಗಳ ಬುಡದಲ್ಲಿ ತಟ್ಟೆಯಂಥ ಗಟ್ಟಿ ಅಣಬೆ, ಮೇಲೆ ವಾರ್ನಿಷ್ ಬಳಿದಂಥ ಕೆಂಗಂದು ಹೊಳಪು, ಅಡಿ ಬಿಳಿ, ಸುತ್ತ ಕಂದು ಪುಡಿ ಕಂಡರೆ ಅದು ಗ್ಯಾನೊಡರ್ಮಾ. ಅಣಬೆ ಕಿತ್ತು ಎಸೆದರೆ ಆಗುವುದೇನಿಲ್ಲ, ಅದು ಶಿಲೀಂಧ್ರದ ಹಣ್ಣು ಮಾತ್ರ. ದೇಹ ಬೇರಿನ ಒಳಗಿದೆ, ವರ್ಷಗಳಿಂದ ಇದೆ. ತೆಂಗಿನಲ್ಲಿ ಇದಕ್ಕೆ ಅಣಬೆ ರೋಗ ಅನ್ನುತ್ತಾರೆ. ಕೆಳಗಿನ ಗರಿ ಹಳದಿಯಾಗಿ ಜೋತುಬೀಳುತ್ತದೆ, ಬುಡದಿಂದ ತುಕ್ಕು ಬಣ್ಣದ ರಸ ಸೋರುತ್ತದೆ.

ಮಾಡಬೇಕಾದದ್ದು ಹೀಗೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಟ್ಯಾಂಕ್ ತುಂಬಿ ಹರಿದ ನೀರು, ಬಟ್ಟೆ ಒಗೆದ ನೀರು, ಒಡೆದ ಪೈಪು ಬುಡವನ್ನು ಸದಾ ಒದ್ದೆ ಇಟ್ಟಿರುತ್ತದೆ. ಅದನ್ನು ತಪ್ಪಿಸಿ. ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಟೈಲ್ಸ್, ಸಿಮೆಂಟ್ ತೆಗೆಸಿ, ಬೇರು ಕೊಯ್ಯದಂತೆ ಕೈಯಿಂದಲೇ. ಕಾಂಡ ಮಣ್ಣಿಗೆ ಸೇರುವಲ್ಲಿ ಅಗಲವಾಗುವ ಭಾಗ ಕಣ್ಣಿಗೆ ಕಾಣಬೇಕು. ಮಣ್ಣು, ಕಟ್ಟಡದ ಚೂರು ಏರಿಸಿದ್ದರೆ ಇಳಿಸಿ. ಒಣ ಎಲೆಯ ಹೊದಿಕೆ ಹಾಕಿ, ಆದರೆ ಕಾಂಡದಿಂದ ಒಂದು ಗೇಣು ದೂರ.

ಆಮೇಲೆ ಟ್ರೈಕೋಡರ್ಮಾ. ಇದೂ ಶಿಲೀಂಧ್ರವೇ, ರೋಗದ ಶಿಲೀಂಧ್ರಗಳನ್ನು ತಿನ್ನುವ ಶಿಲೀಂಧ್ರ. 10 ಕೆ.ಜಿ. ಕೊಟ್ಟಿಗೆ ಗೊಬ್ಬರಕ್ಕೆ 100 ಗ್ರಾಂ ಬೆರೆಸಿ, ತೇವ ಮಾಡಿ, ಗೋಣಿಚೀಲ ಮುಚ್ಚಿ ನೆರಳಿನಲ್ಲಿ 15 ದಿನ ಇಡಿ, ನಡುವೆ ಒಮ್ಮೆ ತಿರುವಿ. ಬೇವಿನ ಹಿಂಡಿಯ ಜೊತೆ ಬುಡದ ಸುತ್ತ ಸೇರಿಸಿ. ತೆಂಗಿಗೆ ವರ್ಷಕ್ಕೆ 5 ಕೆ.ಜಿ. ಹಿಂಡಿ ಹೇಳುತ್ತಾರೆ. ಇದನ್ನು ಹಾಕಿದ ಆಸುಪಾಸಿನ ದಿನಗಳಲ್ಲಿ ಬೋರ್ಡೋ ಬುಡಕ್ಕೆ ಸುರಿಯಬೇಡಿ, ಒಳ್ಳೆಯದೂ ಸಾಯುತ್ತದೆ. ತೆಂಗಿನ ಬೇರಿನ ಮೂಲಕ ರಾಸಾಯನಿಕ ಕೊಡುವ ವಿಧಾನವೂ ಇದೆ. ಅದನ್ನು ತೋಟಗಾರಿಕೆ ಇಲಾಖೆಯವರನ್ನು ಕೇಳಿಯೇ ಮಾಡಿ, ಅವರು ಹೇಳಿದಷ್ಟು ದಿನ ಎಳನೀರು ಕೀಳಬೇಡಿ.

ಇಷ್ಟು ಮಾಡಿದರೂ ಗ್ಯಾನೊಡರ್ಮಾ ಜಾಸ್ತಿಯಾದ ಮರ ಉಳಿಯುವುದು ಕಷ್ಟ. ಪಕ್ಕದ ಮರ ಉಳಿಸಿಕೊಳ್ಳುವುದೇ ಆಗ ಗುರಿ.

ಹೆಜ್ಜೆ 8: ಮಾದರಿ ಕಳಿಸುವುದು, ಅನುಮತಿ, ಮತ್ತೆ ನೆಡುವುದು

ಅನುಮಾನ ಇದ್ದರೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ, ಹಣ್ಣಿನ ಮರವಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಕಟ್ಟಿಗೆ ಕೊಳೆತದ ಪ್ರಶ್ನೆಯಾದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ನಮ್ಮೂರಲ್ಲೇ ಇವೆ. ಪೂರ್ತಿ ಸತ್ತ ಎಲೆ ಒಯ್ದರೆ ಪ್ರಯೋಜನವಿಲ್ಲ. ಹಸಿರು ಮತ್ತು ರೋಗ ಕೂಡುವ ಅಂಚು ಇರುವ ತುಂಡು ಬೇಕು. ಕಾಗದದಲ್ಲಿ ಸುತ್ತಿ, ದಿನಾಂಕ, ಮರದ ಹೆಸರು, ಕೊನೆಯ ಬಾರಿ ಏನು ಹೊಡೆದಿದ್ದೀರಿ ಬರೆದು, ಅದೇ ದಿನ ತಲುಪಿಸಿ.

ಮರ ವಾಲಿದ್ದು, ವಾಲಿದ ಎದುರು ಪಕ್ಕದ ಮಣ್ಣು ಬಿರುಕು ಬಿಟ್ಟು ಎದ್ದಿದ್ದರೆ ಮಾತ್ರ ಕಾಯಬೇಡಿ. ಕೂಡಲೇ ಪಾಲಿಕೆಯ ಅರಣ್ಯ ವಿಭಾಗಕ್ಕೆ ಹೇಳಿ, ಕೆಳಗೆ ಯಾರೂ ನಿಲ್ಲದಂತೆ ಹಗ್ಗ ಕಟ್ಟಿ. ಉಳಿದ ಸಂದರ್ಭದಲ್ಲಿ ಸ್ವಂತ ಕಾಂಪೌಂಡಿನ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿಯ ಜೊತೆ ಅಣಬೆ, ಪೊಟರೆ, ಬುಡದ ಫೋಟೋಗಳನ್ನು ಸ್ಕೇಲ್ ಇಟ್ಟು ತೆಗೆದು ಲಗತ್ತಿಸಿ.

ಬೇರು ಕೊಳೆತು ಹೋದ ಮರದ ಬುಡವನ್ನು ಹಾಗೇ ಬಿಡಬಾರದು, ಶಿಲೀಂಧ್ರ ಆ ಕೊರಡಿನಲ್ಲೇ ವರ್ಷಗಟ್ಟಲೆ ಇರುತ್ತದೆ. ಬೇರು ಸಮೇತ ಅಗೆಸಿ, ಗುಂಡಿಯನ್ನು ಒಂದು ಬೇಸಿಗೆ ಬಿಸಿಲಿಗೆ ಬಿಟ್ಟು, ಹೊಸ ಸಸಿಯನ್ನು ಎರಡು ಮೂರು ಮೀಟರ್ ಪಕ್ಕಕ್ಕೆ ನೆಡಿ. ಅದೇ ಜಾತಿ ಬೇಡ. ಸಸಿ ಕೊಳ್ಳುವಾಗ ಕವರ್ ಬಿಚ್ಚಿ ಬೇರು ಸುರುಳಿ ಸುತ್ತಿದೆಯೇ ನೋಡಿ, ಸುತ್ತಿದ್ದರೆ ಬೇರೆಯದು ಕೇಳಿ. ಆಧಾರದ ಕೋಲಿಗೆ ಕಟ್ಟಿದ ದಾರವನ್ನು ವರ್ಷದೊಳಗೆ ಬಿಚ್ಚಿ. ಕಬ್ಬಿಣದ ಟ್ರೀ ಗಾರ್ಡ್ ಹಾಕಿದ್ದರೆ, ಕಾಂಡ ಅದರ ಸರಳಿಗೆ ತಾಗುವ ಮುಂಚೆಯೇ ಕತ್ತರಿಸಿ ತೆಗೆಸಿ. ತೊಗಟೆಯೊಳಗೆ ಸರಳು ಹೂತುಹೋದ ಮೇಲೆ ಎಳೆದು ತೆಗೆಯುವುದಕ್ಕಿಂತ ಹೊರಗಿನ ತುಂಡನ್ನಷ್ಟೇ ಕತ್ತರಿಸಿ ಒಳಗಿನದನ್ನು ಬಿಡುವುದು ಮೇಲು.